ಸೂಜಿ ಚುಚ್ಚಿದ್ದನ್ನು ಮುಚ್ಚಿಟ್ಟ ರಾತ್ರಿ

ಸ್ಟಾಫ್ ನರ್ಸ್ ಆಗಿ ಸೇರಿ ಎಂಟು ತಿಂಗಳಾಗಿತ್ತು. ಮೆಡಿಸಿನ್ ವಾರ್ಡಿನಲ್ಲಿ ನೈಟ್ ಡ್ಯೂಟಿ. ಬೆಳಗಿನ ಜಾವ ಮೂರಕ್ಕೆ ಒಬ್ಬರಿಗೆ ಇಂಜೆಕ್ಷನ್ ಕೊಟ್ಟು, ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋದೆ. ಸೂಜಿ ಹಾಕುವ ಡಬ್ಬ ಇದ್ದದ್ದು ವಾರ್ಡಿನ ಆ ತುದಿಯಲ್ಲಿ. ಬರೀ ಸೂಜಿ ಹಿಡಿದು ಅಷ್ಟು ದೂರ ಹೋಗಲು ಭಯ, ಅದಕ್ಕೇ ಎಲ್ಲರೂ ಕ್ಯಾಪ್ ಹಾಕುತ್ತಿದ್ದೆವು. ಕ್ಯಾಪ್ ಜಾರಿತು. ಎಡಗೈ ತೋರುಬೆರಳಿಗೆ ಚುಚ್ಚಿತು. ಗ್ಲೌಸಿನೊಳಗೆ ಸಾಸಿವೆ ಕಾಳಿನಷ್ಟು ರಕ್ತ.

ಬೆರಳನ್ನು ಜೋರಾಗಿ ಹಿಂಡಿದೆ, ಮೇಲೆ ಸ್ಪಿರಿಟ್ ಸುರಿದೆ. ಎರಡೂ ಮಾಡಬಾರದು. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದರೆ ಸಾಕು. ಆಮೇಲೆ ಪ್ಲಾಸ್ಟರ್ ಅಂಟಿಸಿ ಸುಮ್ಮನಾದೆ. ಹೇಳಿದರೆ ಇನ್‌ಚಾರ್ಜ್ ಸಿಸ್ಟರ್ ಎಲ್ಲರೆದುರು ಬೈಯುತ್ತಾರೆ ಅನ್ನೋದೊಂದೇ ತಲೆಯಲ್ಲಿತ್ತು.

ಬೆಳಿಗ್ಗೆ ಚಾರ್ಜ್ ತಗೊಳ್ಳಲು ಬಂದ ಹಿರಿಯ ಸಿಸ್ಟರ್ ಪ್ಲಾಸ್ಟರ್ ನೋಡಿದರು. "ಏನಮ್ಮಾ ಇದು?" ಅಂದರು. ಅತ್ತುಬಿಟ್ಟೆ. ಅವರು ಬೈಯಲಿಲ್ಲ, ಕೈ ಹಿಡಿದು ಕ್ಯಾಶುಯಲ್ಟಿಗೆ ಕರೆದುಕೊಂಡು ಹೋದರು. ರೋಗಿಯ ಒಪ್ಪಿಗೆ ಪಡೆದು ರಕ್ತ ಪರೀಕ್ಷೆ ಮಾಡಿಸಿದರು. ಎಚ್‌ಐವಿ ಇರಲಿಲ್ಲ, ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಇತ್ತು.

ನಾನು ಆ ಲಸಿಕೆಯ ಎರಡು ಡೋಸ್ ಮಾತ್ರ ತಗೊಂಡಿದ್ದೆ. ಆರನೇ ತಿಂಗಳಿಗೆ ತಗೊಳ್ಳಬೇಕಿದ್ದ ಮೂರನೆಯದು ಉಳಿದುಹೋಗಿತ್ತು. ಅದೇ ದಿನ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳಿರುವ) ಇಂಜೆಕ್ಷನ್ನೂ ಬಾಕಿ ಡೋಸೂ ಹಾಕಿದರು. ಎಚ್‌ಐವಿ ಅಂದರೆ ಎಲ್ಲರೂ ಬೆಚ್ಚುತ್ತೇವೆ, ಅಲ್ವಾ? ಸೋಂಕಿರುವವರಿಗೆ ಬಳಸಿದ ಸೂಜಿ ಚುಚ್ಚಿದಾಗ ಎಚ್‌ಐವಿ ಅಂಟುವುದು ಸಾವಿರಕ್ಕೆ ಸುಮಾರು 3 ಸಲ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 30ರವರೆಗೂ ಅಂಟಬಹುದು. ಆಮೇಲಿನ ಆರು ತಿಂಗಳು ಪ್ರತಿ ರಕ್ತ ಪರೀಕ್ಷೆಯ ರಿಪೋರ್ಟ್ ತೆರೆಯುವಾಗಲೂ ಕೈ ನಡುಗುತ್ತಿತ್ತು. ಕೊನೆಗೆ ಏನೂ ಆಗಲಿಲ್ಲ.

ಕೆಲವು ವರ್ಷಗಳ ನಂತರ ಇನ್ನೊಂದು ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ಕೆಲಸ ನನಗೇ ಬಂತು. ಮೊದಲು ಮಾಡಿದ್ದು ಡಬ್ಬದ ಜಾಗ ಬದಲಿಸಿದ್ದು. ಸೂಜಿ ತೂರಲಾಗದ ಬಿಳಿ ಡಬ್ಬವನ್ನು ಇಂಜೆಕ್ಷನ್ ಟ್ರಾಲಿಗೇ ಕಟ್ಟಿಸಿದೆ. ಮುಕ್ಕಾಲು ತುಂಬಿದರೆ ಮುಚ್ಚಿ ಬೇರೆ ಇಡಬೇಕು. ಕೈಗೆ ಎಟಕುವಲ್ಲಿ ಡಬ್ಬ ಇದ್ದಾಗ ಕ್ಯಾಪ್ ಹಾಕುವವರು ತಾವಾಗಿಯೇ ಕಡಿಮೆಯಾದರು. ಅದಕ್ಕೂ ಮೊದಲು ಗೋಡೆಗೆ ಎಷ್ಟು ಪೋಸ್ಟರ್ ಅಂಟಿಸಿದ್ದರೂ ಹೀಗಾಗಿರಲಿಲ್ಲ.

ಎರಡನೆಯದನ್ನು ಕಲಿಸಿದ್ದು ನಮ್ಮ ವಾರ್ಡಿನ ಆಯಮ್ಮ. ಒಂದು ಬೆಳಿಗ್ಗೆ ಅವರು ಹಳದಿ ಚೀಲ ಎತ್ತುತ್ತಿದ್ದರು. ಅದರಲ್ಲಿರಬೇಕಾದದ್ದು ಬ್ಯಾಂಡೇಜು, ಹತ್ತಿ. ಆದರೆ ಚೀಲದ ಪಕ್ಕದಿಂದ ಸೂಜಿಯ ತುದಿ ಹೊರಬಂದಿತ್ತು, ಅವರ ಮೊಣಕಾಲಿಗೆ ನಾಲ್ಕೇ ಬೆರಳು ದೂರ. ಲಸಿಕೆ ಆಗಿದೆಯಾ ಅಂತ ಕೇಳಿದೆ. "ನಮಗೂ ಕೊಡ್ತಾರಾ ಸಿಸ್ಟರ್?" ಅಂದರು. ಅವರು ಕಾಂಟ್ರ್ಯಾಕ್ಟ್ ಮೇಲಿದ್ದವರು, ನಮ್ಮ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಆಸ್ಪತ್ರೆ ಕಸ ಮುಟ್ಟುವ ಎಲ್ಲರಿಗೂ ಈ ಲಸಿಕೆ ಕೊಡಿಸಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇದೆ. ಹೌಸ್‌ಕೀಪಿಂಗ್, ಲಾಂಡ್ರಿ, ಕಸದ ಗಾಡಿಯವರು ಎಲ್ಲರ ಹೆಸರೂ ಬರೆಸಿದೆ. ಮೂರನೇ ಡೋಸ್ ದಿನ ಯಾರೂ ತಪ್ಪಿಸಿಕೊಳ್ಳದಂತೆ ನಾನೇ ಹೋಗಿ ಕರೆದು ತಂದೆ. ಒಂದೆರಡು ತಿಂಗಳಾದ ಮೇಲೆ ಟೈಟರ್ ಪರೀಕ್ಷೆಯನ್ನೂ (ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ನೋಡುವುದು) ಮಾಡಿಸಿದೆವು. 10 mIU/mL ಅಥವಾ ಜಾಸ್ತಿ ಬಂದರೆ ಲಸಿಕೆ ಹಿಡಿದಿದೆ ಅಂತ ಲೆಕ್ಕ.

ಕಷ್ಟವಾಗಿದ್ದು ಬಾಯಿ ಬಿಡಿಸುವುದು. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಶುರು ಮಾಡಿದರೆ 28 ದಿನ ತಗೊಳ್ಳಬೇಕು. ಮುಚ್ಚಿಟ್ಟ ಪ್ರತಿ ಗಂಟೆಯೂ ನಷ್ಟವೇ. ಹಾಗಾಗಿ ಯಾರ ತಪ್ಪು ಅಂತ ಕೇಳುವುದನ್ನು ನಿಲ್ಲಿಸಿದೆವು. ರಿಜಿಸ್ಟರಿನಲ್ಲಿ "ಕಾರಣ" ಅನ್ನೋ ಕಾಲಂ ತೆಗೆದು "ಡಬ್ಬ ಎಲ್ಲಿತ್ತು?" ಅಂತ ಬರೆಸಿದೆ. ಮೊದಲ ತಿಂಗಳುಗಳಲ್ಲಿ ಚುಚ್ಚಿದ ಪ್ರಕರಣ ಜಾಸ್ತಿಯಾದಂತೆ ಕಂಡಿತು. ಮೇಲಿನವರು ಗಾಬರಿಯಾದರು. ನನಗೆ ಮಾತ್ರ ಸಮಾಧಾನ, ಜನ ಹೇಳಲು ಶುರು ಮಾಡಿದ್ದರು.

ಹೋದ ತಿಂಗಳು ನಡುರಾತ್ರಿ ಫೋನ್ ಬಂತು. ಹೊಸ ಹುಡುಗಿ, ಧ್ವನಿ ನಡುಗುತ್ತಿತ್ತು.

"ಅಕ್ಕಾ, ಚುಚ್ಚಿಕೊಂಡೆ."

"ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ. ಸೋಪು ಹಾಕಿ ತೊಳೆದೆ, ಹಿಂಡಲಿಲ್ಲ. ಡ್ಯೂಟಿ ಡಾಕ್ಟರಿಗೆ ಹೇಳಿದೀನಿ. ಈಗ ಕ್ಯಾಶುಯಲ್ಟಿಗೆ ಹೋಗ್ತಿದೀನಿ."