ಕೊಟೇಶನ್ನಿನ ಒಂದೊಂದು ಸಾಲಿಗೂ ರಸೀದಿ ಕೇಳಿದೆ

ಸಾಗರದ ಸಹಕಾರ ಸಂಘವೊಂದರಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ವೋಚರ್ ಇಲ್ಲದ ಖರ್ಚನ್ನು ಪುಸ್ತಕಕ್ಕೆ ಏರಿಸಿದವಳಲ್ಲ. 2023ರಲ್ಲಿ ನಮ್ಮ ಮೊದಲ ಕಾರು ಕೊಳ್ಳಲು ಶಿವಮೊಗ್ಗದ ಶೋರೂಮಿಗೆ ಹೋದಾಗ ಈ ಅಭ್ಯಾಸವೇ ಕೈಹಿಡಿಯಿತು.

"ಆನ್‌ರೋಡ್ ಹತ್ತು ಲಕ್ಷ ಹದಿನೇಳು ಸಾವಿರ ಆಗತ್ತೆ ಮೇಡಂ" ಎಂದ ಸೇಲ್ಸ್ ಹುಡುಗ. ಆನ್‌ರೋಡ್ ಅಂದರೆ ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿದ ಬೆಲೆ. ಅವು ಸೇರದ ಬೆಲೆ, ಅಂದರೆ ಕಾರಿನ ಎಕ್ಸ್‌ಶೋರೂಂ ಬೆಲೆ, ಎಂಟು ಲಕ್ಷ. ಉಳಿದ ಎರಡು ಲಕ್ಷ ಚಿಲ್ಲರೆ ಯಾವುದಕ್ಕೆ ಎಂದು ಕೇಳಿ, ಸಾಲು ಸಾಲಾಗಿ ಬಿಡಿಸಿ ಪ್ರಿಂಟ್ ಕೊಡಲು ಹೇಳಿದೆ. ಹಾಳೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅದನ್ನು ಮನೆಗೆ ತಂದೆ; ಆ ದಿನ ಮುಂಗಡ ಕಟ್ಟಲಿಲ್ಲ.

ರಾತ್ರಿ ಊಟ ಮುಗಿಸಿ ಹಾಳೆ ಹಿಡಿದು ಕೂತೆ. ಪ್ರತಿ ಸಾಲಿನ ಎದುರೂ ಆ ಹಣ ಕೊನೆಗೆ ಯಾರಿಗೆ ಹೋಗುತ್ತದೆ ಎಂದು ಬರೆದೆ: ಸರ್ಕಾರಕ್ಕೆ, ವಿಮಾ ಕಂಪನಿಗೆ, ಇಲ್ಲವೇ ಶೋರೂಮಿಗೆ. ರಸ್ತೆ ತೆರಿಗೆ ಸರಿಯಾಗಿತ್ತು. ಕರ್ನಾಟಕದಲ್ಲಿ ಆಗ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ. 14, ಆ ತೆರಿಗೆಯ ಮೇಲೆ ಶೇ. 11 ಸೆಸ್. ಒಟ್ಟು 1,24,320 ರೂಪಾಯಿ, ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಒಂದು ರೂಪಾಯಿ ವ್ಯತ್ಯಾಸವಿರಲಿಲ್ಲ. ಆದರೆ 'ರಿಜಿಸ್ಟ್ರೇಶನ್ ಖರ್ಚು' ಎಂದು 5,500 ಹಾಕಿದ್ದರು. ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡಿಗೆ 200, ಸಾಲವಿದ್ದದ್ದರಿಂದ ಹೈಪೋಥಿಕೇಶನ್‌ಗೆ (ಕಾರು ಸಾಲಕ್ಕೆ ಅಡವಿದೆ ಎಂದು ನೋಂದಣಿಯಲ್ಲಿ ನಮೂದಿಸಲು) 1,500, ಕೂಡಿದರೆ 2,300. ಉಳಿದ 3,200ಕ್ಕೆ ರಸೀದಿ ಎಲ್ಲಿಂದ ಬರಬೇಕು?

ಹ್ಯಾಂಡ್ಲಿಂಗ್ ಚಾರ್ಜ್ 7,500. ಇದರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು. ಕಾರನ್ನು ಶೋರೂಮಿಗೆ ತಂದಿಳಿಸುವ ಖರ್ಚು, ಡೀಲರ್ ಕಮಿಷನ್ ಎರಡೂ ಎಕ್ಸ್‌ಶೋರೂಂ ಬೆಲೆಯೊಳಗೇ ಇರುತ್ತವೆ. ಮಾರನೇ ವಾರ ಹೋದಾಗ ಮ್ಯಾನೇಜರಿಗೆ ಇಷ್ಟೇ ಹೇಳಿದೆ: "ಇದಕ್ಕೆ ಜಿಎಸ್‌ಟಿ ನಂಬರ್ ಇರೋ ಬಿಲ್ಲು ಕೊಡಿ ಸರ್, ಯಾವ ಕೆಲಸಕ್ಕೆ ಅಂತ ಅದರಲ್ಲಿ ಬರೀರಿ, ಕೊಡ್ತೀನಿ." ಎರಡು ಸಲ ಒಳಗೆ ಹೋಗಿ ಬಂದು ಆ ಸಾಲು ಹೊಡೆದುಹಾಕಿದರು. ರಿಜಿಸ್ಟ್ರೇಶನ್ ಸಾಲಿನ ಆ 3,200 ಕೂಡ ಬಿಟ್ಟರು.

ಫ್ಲೋರ್ ಮ್ಯಾಟ್, ಮಡ್ ಫ್ಲ್ಯಾಪ್, ಬಾಡಿ ಕವರ್ ಸೇರಿದ 'ಬೇಸಿಕ್ ಕಿಟ್' 14,900 ಬೇಡವೆಂದೆ. ಕೆಳಭಾಗದ ಕೋಟಿಂಗ್ 9,500. "ಮಲೆನಾಡಿನ ಮಳೆಗೆ ತುಕ್ಕು ಹಿಡಿಯತ್ತೆ ಮೇಡಂ" ಎಂದಾಗ ನಮ್ಮ ಮನೆಯವರು ಸ್ವಲ್ಪ ಅಳುಕಿದರು. ತುಕ್ಕು ತಡೆಯುವ ಲೇಪನ ಕಾರ್ಖಾನೆಯಲ್ಲೇ ಆಗಿರುತ್ತದೆ ಎಂದು ಹೇಳಿ ಒಪ್ಪಿಸಿದೆ. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮಾತ್ರ ನಾನೇ ಬೇಕೆಂದು ತೆಗೆದುಕೊಂಡೆ. ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ದಂಡದ ಖರ್ಚಲ್ಲ.

ಹೆಚ್ಚು ಹೆಣಗಿದ್ದು ಇನ್ಶೂರೆನ್ಸ್ ವಿಷಯದಲ್ಲಿ. ಶೋರೂಮಿನವರದು 41,200, ಹೊರಗೆ ವಿಚಾರಿಸಿದರೆ 29,600. ಎರಡನ್ನೂ ಹೋಲಿಸುವಾಗ ಐಡಿವಿ (ವಿಮೆಗಾಗಿ ಕಾರಿಗೆ ಕಟ್ಟಿದ ಬೆಲೆ) ಒಂದೇ ಇರಬೇಕು, ಝೀರೋ ಡೆಪ್ರಿಸಿಯೇಶನ್‌ನಂತಹ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ) ಆಡ್‌ಆನ್‌ಗಳೂ ಒಂದೇ ಇರಬೇಕು. ಐಡಿವಿ ಇಳಿಸಿ ವಿಮಾ ಕಂತು ಕಡಿಮೆ ತೋರಿಸುವವರೂ ಇದ್ದಾರೆ. ನಮ್ಮದು ಎರಡೂ ಕಡೆ 7,60,000, ಅಂದರೆ ಬೆಲೆಯ ಶೇ. 95. ಹೊಸ ಕಾರಿಗೆ ಕಡ್ಡಾಯವಾದ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ) ಕಂತು 1000ದಿಂದ 1500 ಸಿಸಿ ಎಂಜಿನ್ನಿಗೆ ಆಗ ಎಲ್ಲಿ ಕೊಂಡರೂ 10,640, ಜಿಎಸ್‌ಟಿ ಬೇರೆ. ವ್ಯತ್ಯಾಸವೆಲ್ಲ ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿಗೇ ಆಗುವ ಹಾನಿಯ ಕಂತಿನಲ್ಲಿ.

"ಹೊರಗೆ ಮಾಡಿಸಿದ್ರೆ ನಮ್ಮ ವರ್ಕ್‌ಶಾಪಲ್ಲಿ ಕ್ಯಾಶ್‌ಲೆಸ್ ಸಿಗಲ್ಲ" ಎಂದರು. ಕ್ಯಾಶ್‌ಲೆಸ್, ಅಂದರೆ ರಿಪೇರಿ ಹಣವನ್ನು ವಿಮಾ ಕಂಪನಿಯೇ ನೇರ ವರ್ಕ್‌ಶಾಪಿಗೆ ಕೊಡುವುದು, ನಿಂತಿರುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದ ಇದೆಯೋ ಇಲ್ಲವೋ ಎಂಬುದರ ಮೇಲೆ. ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ಅದೇ ವರ್ಕ್‌ಶಾಪಿನ ಹೆಸರಿತ್ತು, ಫೋನಿನಲ್ಲಿ ತೋರಿಸಿದೆ. ಆಮೇಲೆ ಕೊಡುತ್ತೇವೆಂದಿದ್ದ 5,000 ರೂಪಾಯಿ ಡಿಸ್ಕೌಂಟ್ ವಾಪಸ್ ತೆಗೆದರು. ತೆಗೆಯಲಿ ಎಂದೆ, ಆದರೂ 6,600 ಉಳಿಯುತ್ತಿತ್ತು. ಕೊನೆಯ ಅಡ್ಡಿ ಚಾಸಿಸ್ ನಂಬರ್. ಚಾಸಿಸ್ ಮತ್ತು ಎಂಜಿನ್ ನಂಬರ್ ಇಲ್ಲದೆ ಪಾಲಿಸಿ ಆಗದು, ಪಾಲಿಸಿ ಇಲ್ಲದೆ ನೋಂದಣಿ ಆಗದು. ಇವತ್ತು ನಾಳೆ ಎಂದು ನಾಲ್ಕು ದಿನ ತಳ್ಳಿದರು. ಕೊನೆಗೆ ಇಮೇಲ್ ಬರೆದು ಕೇಳಿದೆ, ಅಂದೇ ಸಂಜೆ ಬಂತು. ಬುಕಿಂಗ್ ಮಾಡುವಾಗಲೇ 'ಇನ್ಶೂರೆನ್ಸ್ ನಮ್ಮದು' ಎಂದು ಬುಕಿಂಗ್ ಫಾರಂನಲ್ಲಿ ಬರೆಸಿದ್ದರೆ ಆ ನಾಲ್ಕು ದಿನವೂ ಉಳಿಯುತ್ತಿತ್ತು.

ಎಲ್ಲ ಸೇರಿ, ಡಿಸ್ಕೌಂಟ್ ಹೋದದ್ದನ್ನು ಕಳೆದು, ನಮಗೆ ಉಳಿತಾಯವಾದದ್ದು 41,700. ನೋಂದಣಿಯಾದ ಮೇಲೆ ಶುಲ್ಕದ ರಸೀದಿಗಳನ್ನೂ ತೆರಿಗೆ ರಸೀದಿಯನ್ನೂ ಕೇಳಿ ಪಡೆದು, ಆ ಕೊಟೇಶನ್ ಹಾಳೆಯ ಹಿಂದೆಯೇ ಪಿನ್ ಮಾಡಿಟ್ಟೆ. ಆಮೇಲೆ ನಮ್ಮ ಸಂಘದ ಇಬ್ಬರು ಕಾರು ಕೊಳ್ಳುವಾಗ ಅದನ್ನೇ ಒಯ್ದರು. ಒಬ್ಬರಿಗೆ ಹ್ಯಾಂಡ್ಲಿಂಗ್ ಚಾರ್ಜ್ ಬಿಟ್ಟರು. ಇನ್ನೊಬ್ಬರಿಗೆ ಒಪ್ಪಲಿಲ್ಲ, ಅವರು ಅದೇ ಕಾರನ್ನು ಬೇರೆ ಶೋರೂಮಿನಲ್ಲಿ ತೆಗೆದುಕೊಂಡರು.