ಕಡಲಿಗೆ ಬಿದ್ದ ವಿಮಾನದ ಕಥೆ ಬರೆಯುವವರಿಗೆ

ಕಾರವಾರದ ಬೈತಖೋಲ ಬಂದರಿನ ಪಕ್ಕದಲ್ಲೇ ಬೆಳೆದವಳು ನಾನು. ವಿಮಾನ ಕಡಲಿಗೆ ಬೀಳುವ ಕಾದಂಬರಿ ಬರೆಯುತ್ತೇನೆ ಅಂತ ಯಾರೇ ಬರಲಿ, ಮೊದಲು ಲೈಫ್ ಜಾಕೆಟ್ ವಿಷಯ ಹೇಳುತ್ತೇನೆ.

1996ರ ನವೆಂಬರ್‌ನಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯನ್ ವಿಮಾನವೊಂದು ಇಂಧನ ಮುಗಿದು ಹಿಂದೂ ಮಹಾಸಾಗರದ ಕೊಮೊರೊಸ್ ದ್ವೀಪಗಳ ಬಳಿ ನೀರಿಗಿಳಿಯಿತು. 175 ಜನರಲ್ಲಿ 125 ಮಂದಿ ಸತ್ತರು. ಎಷ್ಟೋ ಮಂದಿ ಒಳಗೇ ಜಾಕೆಟ್ ಊದಿಸಿಕೊಂಡಿದ್ದರು. ನೀರು ನುಗ್ಗಿದಾಗ ಅದೇ ಜಾಕೆಟ್ ಅವರನ್ನು ಚಾವಣಿಗೆ ಒತ್ತಿ ಹಿಡಿಯಿತು, ಮುಳುಗಿ ಬಾಗಿಲು ಸೇರಲಾಗಲಿಲ್ಲ. ನಿಮ್ಮ ನಾಯಕಿ ಜಾಕೆಟ್ ಊದಿಸಲು ಎಳೆಯುವ, ಎದೆಯ ಮೇಲಿನ ಆ ದಾರವನ್ನು ಹಿಡಿದೇ ಇರಲಿ, ಬಾಗಿಲು ದಾಟುವ ತನಕ ಎಳೆಯದಿರಲಿ. ಪಕ್ಕದ ಸೀಟಿನವರು ತಮ್ಮದನ್ನು ಒಳಗೇ ಎಳೆದುಬಿಡಲಿ. ಇದಕ್ಕೇ ಒಂದಿಡೀ ಅಧ್ಯಾಯ ಕೊಡಿ, ಧಾರಾಳವಾಗಿ.

ನೀರಿಗಿಳಿದ ಮೇಲೆ ಸುಮ್ಮನೆ ಈಜಿಸಬೇಡಿ. ಮೊಣಕಾಲನ್ನು ಎದೆಗೆಳೆದು ಮುದುಡಿ ತೇಲಿದರೆ ಮೈಶಾಖ ಉಳಿಯುತ್ತದೆ. ಎಷ್ಟೇ ಬಾಯಾರಲಿ, ಉಪ್ಪುನೀರು ಕುಡಿಸಬಾರದು: ಆ ಉಪ್ಪನ್ನು ಹೊರಹಾಕಲು ದೇಹ ಕುಡಿದದ್ದಕ್ಕಿಂತ ಹೆಚ್ಚು ನೀರು ಕಳೆದುಕೊಳ್ಳುತ್ತದೆ.

ಕಥೆ ಕಾರವಾರದ ಎದುರೇ ನಡೆಯುವುದಾದರೆ ಜೂನ್, ಜುಲೈ ಆರಿಸಿ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಟ್ರಾಲರ್‌ಗಳೆಲ್ಲ ಬಂದರಿನಲ್ಲಿರುತ್ತವೆ. ಎದುರಿನ ದೇವಗಡ ದ್ವೀಪದ ದೀಪಸ್ತಂಭ ಕಣ್ಣಿಗೆ ಕಾಣುತ್ತಿದ್ದರೂ ಅಲೆ ಅತ್ತ ಬಿಡುವುದಿಲ್ಲ. ಅಂಥ ಕಡಲಿಗೆ ದೋಣಿ ಇಳಿಸುವವರು ಯಾರು, ಯಾಕೆ ಅನ್ನುವುದನ್ನು ಮೊದಲೇ ಗಟ್ಟಿಮಾಡಿಕೊಂಡು ಬರೆಯಲು ಕೂತುಕೊಳ್ಳಿ.