ಸಿಗರೇಟು ಪ್ಯಾಕಿನ ಚಿತ್ರ ಮತ್ತು ಸರ್ಕಾರದ ಫೈಲು

ಆರೋಗ್ಯಕ್ಕೆ ಸಂಬಂಧಿಸಿದ ಕಾಯ್ದೆಯ ಮೇಲೆ ರಿಟ್, ಅಂದರೆ ಸರ್ಕಾರದ ಕ್ರಮವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ, ಹಾಕಬೇಕು ಅಂತ ಬರುವ ಕಕ್ಷಿದಾರರು ಕುಳಿತ ಕೂಡಲೇ ಕೇಳುವುದು ಒಂದೇ. "ಸಾರ್, ಜಡ್ಜ್ ಯಾವ ಕಡೆಯವರು?" ಹೈಕೋರ್ಟಿನಲ್ಲಿ ರಿಟ್ ಕೆಲಸ ಮಾಡುವ ನಾನು ಈ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೇ ಹೋಗುವುದಿಲ್ಲ. ಆ ನಿಯಮ ಹುಟ್ಟಿದ ಫೈಲಿನಲ್ಲಿ ಏನಿದೆ ಅಂತ ಮೊದಲು ನೋಡೋಣ ಅನ್ನುತ್ತೇನೆ. ಅವರಿಗೆ ಬೇಜಾರಾಗುತ್ತದೆ.

ನನಗೆ ಈ ಅಭ್ಯಾಸ ಹತ್ತಿದ್ದು ಸಿಗರೇಟು ಪ್ಯಾಕಿನ ಮೇಲಿನ ಎಚ್ಚರಿಕೆ ಚಿತ್ರದ ಕೇಸಿನಿಂದ. ನಾನು ಅದರಲ್ಲಿ ವಕಾಲತ್ತು ಹಾಕಿದವನಲ್ಲ. ಆದರೆ 2017ರ ಡಿಸೆಂಬರ್‌ನಲ್ಲಿ ಬಂದ ಆ ತೀರ್ಪನ್ನು ಓದಿದಷ್ಟು ಬೇರೆ ಯಾವುದನ್ನೂ ಓದಿಲ್ಲ.

ಹಿನ್ನೆಲೆ ಹೀಗಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಮೊದಲು ಪ್ಯಾಕಿನ ಮುಂಭಾಗದ 40% ಜಾಗದಲ್ಲಿ ಎಚ್ಚರಿಕೆ ಇರಬೇಕಿತ್ತು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಎರಡೂ ಬದಿಗೆ 85% ಮಾಡಿತು. ಚಿತ್ರಕ್ಕೆ 60, ಬರಹಕ್ಕೆ 25. ಅಲ್ಲಿಂದ ಗಲಾಟೆ ಶುರು. ಸಂಸತ್ತಿನ ಸಮಿತಿಯೊಂದು ತಡೆಯಿರಿ ಅಂದಿತು, ಆಮೇಲೆ 50% ಸಾಕು ಅಂದಿತು. ಆ ಸಮಿತಿಯಲ್ಲಿ ಬೀಡಿ ಉದ್ಯಮಿಯೊಬ್ಬರೇ ಸದಸ್ಯರಾಗಿದ್ದರು ಅನ್ನುವುದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಕೊನೆಗೆ 2016ರ ಏಪ್ರಿಲ್ 1ರಿಂದ 85% ಜಾರಿಗೆ ಬಂತು. ಈ ನಿಯಮದ ವಿರುದ್ಧ ದೇಶದ ಬೇರೆ ಬೇರೆ ಹೈಕೋರ್ಟುಗಳಲ್ಲಿ ಬಿದ್ದಿದ್ದ ಅರ್ಜಿಗಳನ್ನೆಲ್ಲ ಸುಪ್ರೀಂ ಕೋರ್ಟ್ ಅದೇ ವರ್ಷದ ಮೇ ತಿಂಗಳಲ್ಲಿ ಒಟ್ಟುಗೂಡಿಸಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಕಳಿಸಿತು.

ನಮ್ಮ ತಾಯಿಯ ಊರು ಪಿರಿಯಾಪಟ್ಟಣದ ಕಡೆ. ಅಲ್ಲಿ ಹೊಗೆಸೊಪ್ಪನ್ನು ಶಾಖ ಕೊಟ್ಟು ಹದ ಮಾಡುವ ಬ್ಯಾರನ್ ಮನೆ ಇಲ್ಲದ ಬೀದಿ ಕಡಿಮೆ. ಪ್ಯಾಕಿನ ಮೇಲಿನ ಚಿತ್ರ ಅಂದರೆ ಅಲ್ಲಿ ಕ್ಯಾನ್ಸರ್ ವಿಷಯ ಅಲ್ಲ, ಹರಾಜಿನ ದರದ ವಿಷಯ. ಹಾಗಾಗಿ ಈ ಕೇಸು ಯಾವ ಪಕ್ಷಕ್ಕೂ ಸುಲಭದ್ದಾಗಿರಲಿಲ್ಲ.

ವಿಚಾರಣೆ ನಡೆಸಿದ್ದು ನ್ಯಾಯಮೂರ್ತಿಗಳಾದ ಬಿ.ಎಸ್. ಪಾಟೀಲ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ. ತಂಬಾಕು ಕೆಟ್ಟದ್ದೋ ಒಳ್ಳೆಯದೋ ಅನ್ನುವುದು ಅಲ್ಲಿ ಜಗಳವೇ ಆಗಲಿಲ್ಲ. ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ಪ್ರಶ್ನೆ ಬಂದದ್ದು ಬೇರೆ ಕಡೆ. ಈ ನಿಯಮ ಮಾಡುವ ಅಧಿಕಾರ ಆರೋಗ್ಯ ಸಚಿವಾಲಯಕ್ಕೆ ಇದೆಯಾ? 85 ಅನ್ನುವ ಅಂಕಿ ಎಲ್ಲಿಂದ ಬಂತು? ಅದಕ್ಕೆ ಆಧಾರವಾಗಿ ಸಚಿವಾಲಯದ ಮುಂದೆ ಏನಿತ್ತು? ಅಧಿಕಾರದ ಪ್ರಶ್ನೆಯಲ್ಲಿ ಇಬ್ಬರೂ ನ್ಯಾಯಮೂರ್ತಿಗಳು ಒಂದೇ ದಾರಿಯಲ್ಲಿ ಹೋಗಲಿಲ್ಲ. ಆದರೂ ನಿಯಮ ವ್ಯಾಪಾರದ ಹಕ್ಕಿನ ಮೇಲೆ ಹಾಕಿದ ಅತಿಯಾದ ನಿರ್ಬಂಧ ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. 85% ಹೋಯಿತು, ಹಳೆಯ 40% ಉಳಿಯಿತು.

2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಈ ತೀರ್ಪಿಗೆ ತಡೆ ಕೊಟ್ಟಿತು. ನಾಗರಿಕನ ಆರೋಗ್ಯಕ್ಕೆ ಮೊದಲ ಸ್ಥಾನ ಅನ್ನುವುದು ಅದರ ನಿಲುವು. ನನ್ನ ಮನಸ್ಸೂ ಆ ಕಡೆಗೇ. ಆದರೆ ಹೈಕೋರ್ಟ್ ಕೇಳಿದ ಪ್ರಶ್ನೆಗಳು ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತವೆ.

ಈಗ ಇಂಥ ಅರ್ಜಿ ಬರೆಯುವಾಗ ಸಚಿವರ ಭಾಷಣ, ಪ್ರಣಾಳಿಕೆ, ಟಿವಿ ಚರ್ಚೆ ಇವನ್ನೆಲ್ಲ ತೆಗೆದುಬಿಡುತ್ತೇನೆ. ಕಕ್ಷಿದಾರರಿಗೆ ಇದು ಇಷ್ಟವಾಗಲ್ಲ. ಅವರಿಗೆ ಇಷ್ಟವಾದ ಪ್ಯಾರಾಗಳೇ ಅವು. ಖಾಸಗಿ ಆಸ್ಪತ್ರೆಗಳಿಗೆ ಸಂಬಂಧಿಸಿದ ಒಂದು ಅರ್ಜಿಯಲ್ಲಿ ಕಕ್ಷಿದಾರರು ಹಟ ಹಿಡಿದು ಇಂಥದ್ದೊಂದು ಪ್ಯಾರಾ ಉಳಿಸಿಕೊಂಡಿದ್ದರು. ನ್ಯಾಯಮೂರ್ತಿಗಳು ಪುಟ ತಿರುಗಿಸುತ್ತಾ ಬಂದವರು ಅಲ್ಲಿ ನಿಂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನು ಹೊರಗಡೆ ಹೇಳಿ. ಯಾವ ಸೆಕ್ಷನ್ ಅಡಿ ಈ ನಿಯಮ ಮಾಡಿದ್ದಾರೆ, ಅದನ್ನು ತೋರಿಸಿ" ಅಂದರು. ನಾನು ಸೆಕ್ಷನ್ ಇದ್ದ ಪುಟ ಹೇಳಿದೆ. ಆಮೇಲೆ ಅವರು ಸರ್ಕಾರಿ ವಕೀಲರ ಕಡೆ ತಿರುಗಿ ಮೂಲ ಫೈಲು ತರಿಸಿ ಅಂದರು. ಅವತ್ತಿನ ಕಲಾಪ ಅಷ್ಟೇ.

ಆ ಫೈಲಿನ ಟಿಪ್ಪಣಿ ಹಾಳೆಗಳಲ್ಲೇ ಕೇಸಿನ ಜೀವ ಇರುತ್ತದೆ. ತಜ್ಞರ ಅಭಿಪ್ರಾಯ ಕೇಳಿದ್ದಾರಾ? ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಿದ್ದಾರಾ? ಕರೆದಿದ್ದರೆ ಬಂದವನ್ನು ಓದಿದ್ದಾರಾ ಅಥವಾ ಸುಮ್ನೆ "ಪರಿಶೀಲಿಸಲಾಗಿದೆ" ಅಂತ ಒಂದು ಸಾಲು ಗೀಚಿದ್ದಾರಾ? ನಾನು ಅರ್ಜಿ ಹಾಕುವ ಮುಂಚೆಯೇ ಮಾಹಿತಿ ಹಕ್ಕಿನಲ್ಲಿ ಸಿಕ್ಕಷ್ಟು ಹಾಳೆ ತರಿಸಿಕೊಳ್ಳುತ್ತೇನೆ. ಗೆಜೆಟ್ ಪ್ರತಿ ಮಾತ್ರ ಇಟ್ಟುಕೊಂಡು ಹೋದರೆ ಅರ್ಧ ವಾದ ಮನೆಯಲ್ಲೇ ಬಿಟ್ಟುಹೋದ ಹಾಗೆ.

ಮಧ್ಯಂತರ ತಡೆಯ, ಅಂದರೆ ತೀರ್ಪು ಬರುವವರೆಗೆ ನಿಯಮವನ್ನು ನಿಲ್ಲಿಸಿಡುವ ವಿಷಯ ಇನ್ನೂ ಸೂಕ್ಷ್ಮ. ಕಾನೂನು ಸರಿ ಇದೆ ಅಂತಲೇ ಕೋರ್ಟು ಹೊರಡುತ್ತದೆ, ತಪ್ಪು ಅಂತ ತೋರಿಸುವ ಭಾರ ನಮ್ಮದು. ಆರೋಗ್ಯದ ವಿಷಯದಲ್ಲಂತೂ ಜಡ್ಜ್‌ಗಳು ಜಾಸ್ತಿ ಹಿಂಜರಿಯುತ್ತಾರೆ. ತಡೆ ಕೊಟ್ಟು ಯಾರಿಗಾದರೂ ಹಾನಿಯಾದರೆ ಅದನ್ನು ವಾಪಸ್ ತರಲಾಗಲ್ಲ, ಅಲ್ವಾ? ದುಡ್ಡಿನ ನಷ್ಟವನ್ನಾದರೆ ಆಮೇಲೆ ತುಂಬಿಕೊಡಬಹುದು. ಅದಕ್ಕೇ ನಾನು ಇಡೀ ನಿಯಮಕ್ಕೆ ತಡೆ ಕೇಳುವುದು ಅಪರೂಪ. ಕಕ್ಷಿದಾರರಿಗೆ ನಿಜವಾಗಿ ಚುಚ್ಚುವ ಒಂದು ಉಪನಿಯಮ ಹುಡುಕಿ ಅದಕ್ಕೆ ಮಾತ್ರ ಕೇಳುತ್ತೇನೆ. ಬೇಡಿಕೆ ಚಿಕ್ಕದಾದಷ್ಟೂ ಪೀಠ ಕಿವಿಗೊಡುತ್ತದೆ.

2022ರ ಮೇ 2ರಂದು ಕೋವಿಡ್ ಲಸಿಕೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮಾಡಿದ್ದು ನೋಡಿ. ಲಸಿಕೆ ನೀತಿ ತಪ್ಪು ಅನ್ನಲಿಲ್ಲ. ಆದರೆ ಯಾರನ್ನೂ ಬಲವಂತವಾಗಿ ಚುಚ್ಚುವಂತಿಲ್ಲ, ಹಾಕಿಸಿಕೊಳ್ಳದವರ ಮೇಲೆ ಹೇರಿದ ನಿರ್ಬಂಧಗಳು ಆಗಿನ ಅಂಕಿಅಂಶಗಳ ಮುಂದೆ ನಿಲ್ಲುವುದಿಲ್ಲ ಅಂದಿತು. ಎರಡೂ ಗುಂಪಿನವರು ಗೆದ್ದೆವು ಅಂದುಕೊಂಡು ಮನೆಗೆ ಹೋದರು. ನಾನು ಅದರಲ್ಲಿ ಗುರುತು ಹಾಕಿಟ್ಟುಕೊಂಡಿದ್ದು "ಆಗಿನ ಅಂಕಿಅಂಶ" ಅನ್ನುವ ಭಾಗವನ್ನು. ಈಗ ನನ್ನ ಅರ್ಜಿಗಳ ಜೊತೆ ನಿಯಮ ಬಂದ ದಿನ ಇದ್ದ ಅಂಕಿ, ಅರ್ಜಿ ಹಾಕುವ ದಿನದ ಅಂಕಿ, ಎರಡನ್ನೂ ಬೇರೆ ಬೇರೆ ಅನೆಕ್ಷರ್ (ಅನುಬಂಧ) ಮಾಡಿ ಇಡುತ್ತೇನೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಆ ಹೊತ್ತಿನ ಅಂಕಿಯನ್ನು ಮೂರನೆಯದಾಗಿ ಸೇರಿಸಲು ಕೋರ್ಟಿಗೆ ಮೆಮೊ (ಚಿಕ್ಕ ಮನವಿ ಪತ್ರ) ಹಾಕುತ್ತೇನೆ.